ಬೀಡಿಯ ಹೊಗೆ, ಹಸಿರು ಚಹಾ ಮತ್ತು ನಮ್ಮ ರಕ್ತನಾಳ

(ಗಾಳಿಬೀಡಿನಲ್ಲಿ ತೋಟದ ಕೆಲಸಗಾರರ ಮುಂದೆ ಮಾಡಿದ ಭಾಷಣ)



ಗಾಳಿಬೀಡಿನ ಮಳೆ ಎಂಥದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆಷಾಢದಲ್ಲಿ ಜಿಗಣೆಗೆ ಕಾಲು ಕೊಟ್ಟು ಏಲಕ್ಕಿ ಕಾಡಿನಲ್ಲಿ ನಿಂತವನು ಬೀಡಿ ಹಚ್ಚಿದರೆ, ಅವನನ್ನು ಜರೆಯಲು ನಾನು ಬಂದಿಲ್ಲ. ಬೀಡಿ ಉರಿಯುವಷ್ಟು ಹೊತ್ತು ಮಾತ್ರ ಅವನು ಬೆನ್ನು ನೆಟ್ಟಗೆ ಮಾಡಬಹುದು. ಸೇದದವನಿಗೆ ಆ ಬಿಡುವೂ ಇಲ್ಲ. ಚಟದ ಬೇರು ಎಲ್ಲಿದೆ ಎಂಬುದನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತು ಆಡೋಣ.

ಪೇಟೆಯಲ್ಲಿ ಒಂದು ಸುದ್ದಿ ಹಬ್ಬಿದೆ: ಹಸಿರು ಚಹಾ ಕುಡಿದರೆ ಹೊಗೆಯ ಕೆಡುಕೆಲ್ಲ ತೊಳೆದುಹೋಗುತ್ತದೆಂದು. ಇದರಲ್ಲಿ ನಿಜವೆಷ್ಟು?

ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ತೆಳುವಾದ ಪೊರೆಯಿದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹುಟ್ಟಿಸಿ ನಾಳವನ್ನು ಸಡಿಲಗೊಳಿಸುತ್ತದೆ. ರಕ್ತಕ್ಕೆ ದಾರಿ ಬಿಡಿಸುತ್ತದೆ. ಈ ಗುಟ್ಟನ್ನು ಬಿಡಿಸಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಹುಮಾನ ಬಂತು. ಬೀಡಿಯ ಹೊಗೆ ಈ ಅನಿಲವನ್ನು ಕೆಡಿಸುತ್ತದೆ. ಹೊಗೆಯೊಳಗಿನ ನಿಕೋಟಿನ್ ನಾಳವನ್ನು ಬಿಗಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿಯುತ್ತದೆ. ಚಳಿಗೆ ಬೀಡಿ ಸೇದಿದರೆ ಮೈ ಬೆಚ್ಚಗಾಗುತ್ತದೆಂಬುದು ಬರೀ ಭ್ರಮೆ. ನಾಳ ಬಿಗಿದು ಬೆರಳ ತುದಿ ಇನ್ನಷ್ಟು ತಣ್ಣಗಾಗುತ್ತದೆ. ಇದೇ ಮುಂದುವರಿದು ಕಾಲ್ಬೆರಳು ಕಪ್ಪಾಗಿ ಕೊಳೆತು ಕತ್ತರಿಸಬೇಕಾದ ಗತಿಯೂ ಬರುತ್ತದೆ. ಬರ್ಗರ್ ರೋಗವೆಂದು ವೈದ್ಯರು ಕರೆಯುವ ಈ ಪೀಡೆ ಹೆಚ್ಚಾಗಿ ಹಿಡಿಯುವುದು ಹೊಗೆ ಸೇದುವ ಹರೆಯದ ಗಂಡಸರನ್ನು. ತಂಬಾಕನ್ನು ಪೂರ್ತಿ ಬಿಡುವುದೇ ಅದಕ್ಕೆ ಮುಖ್ಯ ಮದ್ದು.

ಇನ್ನು ಚಹಾದ ವಿಷಯ. ಹಸಿರು ಚಹಾವೂ ಕರಿ ಚಹಾವೂ ಒಂದೇ ಗಿಡದ ಎಲೆ. ಕೊಯ್ದ ಕೂಡಲೇ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿಮಾಡಿದರೆ ಎಲೆ ಹಸಿರಾಗಿ ಉಳಿಯುತ್ತದೆ. ಅದರ ಕ್ಯಾಟೆಚಿನ್ ಎಂಬ ಒಗರು ಸತ್ವವೂ ಉಳಿಯುತ್ತದೆ. ನಾಳದ ಪೊರೆಗೆ ನೆರವಾಗುವುದು ಈ ಸತ್ವವೇ. 2006ರಲ್ಲಿ ಪ್ರಕಟವಾದ ಕೊರಿಯಾದ ಒಂದು ಪರೀಕ್ಷೆಯಲ್ಲಿ 20 ಮಂದಿ ಧೂಮಪಾನಿ ಯುವಕರು ದಿನಕ್ಕೆ 8 ಗ್ರಾಂ ಹಸಿರು ಚಹಾವನ್ನು ಎರಡು ವಾರ ಕುಡಿದರು. ಅವರ ತೋಳಿನ ರಕ್ತನಾಳ ಮೊದಲಿಗಿಂತ ಚೆನ್ನಾಗಿ ಅರಳಿತು. ಇದು ನಿಜ.

ಆದರೆ ಅದು 20 ಮಂದಿಯ, ಎರಡು ವಾರದ ಲೆಕ್ಕ. ಅಳೆದದ್ದು ನಾಳ ಅರಳಿದ್ದನ್ನೇ ಹೊರತು, ಹೃದಯಾಘಾತ ತಪ್ಪಿದ್ದನ್ನಲ್ಲ. ಒಂದು ಕೈಯಲ್ಲಿ ಬೆಂಕಿ ಹಚ್ಚುತ್ತ ಇನ್ನೊಂದು ಕೈಯಲ್ಲಿ ಲೋಟದ ನೀರು ಚಿಮುಕಿಸಿದರೆ ಮನೆ ಉಳಿದೀತೇ? "ದಿನಕ್ಕೆ ಒಂದೆರಡೇ ಸೇದುತ್ತೇನೆ" ಎನ್ನುವವರೂ ಕೇಳಿ. 2018ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ 20 ಸಿಗರೇಟಿನಿಂದ ಹೃದಯಕ್ಕೆ ಹೆಚ್ಚಾಗುವ ಅಪಾಯದಲ್ಲಿ ಸುಮಾರು ಅರ್ಧ ಒಂದೇ ಸಿಗರೇಟಿನಿಂದ ಬರುತ್ತದೆಂದು ತಿಳಿಯಿತು. ಕಡಿಮೆ ಮಾಡಿದರೆ ಸಾಲದು, ಬಿಡಬೇಕು. ಬಿಟ್ಟವನಿಗೆ ಫಲವೂ ಬೇಗ ಸಿಗುತ್ತದೆ: ಒಂದು ವರ್ಷದಲ್ಲಿ ಹೃದಯರೋಗದ ಆ ಹೆಚ್ಚಿನ ಅಪಾಯ ಅರ್ಧಕ್ಕಿಳಿಯುತ್ತದೆ. ಬಿಡಲು ಸಹಾಯ ಬೇಕಾದವರು 1800-11-2356ಕ್ಕೆ ಫೋನು ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಆದರೆ ಬುದ್ಧಿಮಾತೊಂದೇ ಸಾಕೇ? 1951ರ ತೋಟ ಕಾರ್ಮಿಕರ ಕಾಯಿದೆಯು 150 ಮಂದಿಗೆ ಕಡಿಮೆಯಿಲ್ಲದ ತೋಟಗಳಲ್ಲಿ ಕ್ಯಾಂಟೀನು ಇಡಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ಹತ್ತು ಹದಿನೈದು ಆಳಿನ ಸಣ್ಣ ತೋಟದವನಿಗೆ ಅದರಿಂದ ಒಂದು ಲೋಟ ಬಿಸಿನೀರೂ ಬರಲಿಲ್ಲ. ಆದುದರಿಂದ ನಾವು ಕೇಳಬೇಕಾದದ್ದು ಇಷ್ಟು: ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕಾಲು ಗಂಟೆಯ ಬಿಡುವು, ಮಳೆಗೆ ಒಂದು ಸೂರು, ಕುಡಿಯಲು ಬಿಸಿ ಚಹಾ. ಹಸಿರಾದರೂ ಸರಿ, ಕರಿಯಾದರೂ ಸರಿ, ನಮ್ಮ ಬೆಲ್ಲದ ಕಾಫಿಯಾದರೂ ಸರಿ. ಬೀಡಿ ಹಚ್ಚದೆಯೂ ಮನುಷ್ಯ ಬೆನ್ನು ನೆಟ್ಟಗೆ ಮಾಡುವ ಹಕ್ಕು ಮೊದಲು ಬರಲಿ. ಆಗ ಬೀಡಿ ಬಿಡುವುದು ಅರ್ಧ ಸುಲಭವಾಗುತ್ತದೆ. ಉಳಿದರ್ಧ ನಿಮ್ಮ ಕೈಯಲ್ಲಿದೆ.