ಮೂರು ರಾಜೀನಾಮೆಗಳು



ಒಬ್ಬ ಸಾರ್ವಜನಿಕ ವ್ಯಕ್ತಿಯ ಬಗೆಗೆ ನಮ್ಮ ಮನಸ್ಸಿನಲ್ಲಿ ಗೌರವ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಎಂಬುದನ್ನು ಕುರಿತು ನಾವು ಬೇಕಾದಷ್ಟು ಬರೆದಿದ್ದೇವೆ. ಗ್ರಂಥಾಲಯಗಳ ಕಪಾಟುಗಳಲ್ಲಿ ತುಂಬಿರುವ ಅಭಿನಂದನ ಗ್ರಂಥಗಳೇ ಅದಕ್ಕೆ ಸಾಕ್ಷಿ. ಆದರೆ ಹಾಗೆ ಹುಟ್ಟಿದ ಗೌರವ ಹೇಗೆ ಇಳಿದುಹೋಗುತ್ತದೆ ಎಂಬುದನ್ನು ಕುರಿತು ಬರೆದವರು ಕಡಮೆ. ಹೇಳಹೊರಟರೆ ನಿಂದೆಯಾದೀತೆಂಬ ಸಂಕೋಚ ಇರಬಹುದು. ಆ ಇಳಿತ ಯಾವ ದಿನ ಮೊದಲಾಯಿತೆಂಬುದು ನಮಗೇ ತಿಳಿಯದಿರುವುದೂ ಇರಬಹುದು. ಹುಣ್ಣಿಮೆಯ ಚಂದ್ರ ಯಾವ ಗಳಿಗೆಯಲ್ಲಿ ಕ್ಷೀಣಿಸತೊಡಗಿದನೆಂಬುದನ್ನು ಬರಿಗಣ್ಣಿನಿಂದ ಕಂಡವರುಂಟೆ?

ನನ್ನ ತಲೆಮಾರಿನವರಿಗೆ ಮಾತ್ರ ಅದನ್ನು ದಿನಾಂಕ ಹಾಕಿ ಗುರುತಿಸುವ ಒಂದು ಅವಕಾಶ ದೊರಕಿತ್ತು. ನಾನು ಹೇಳಬೇಕೆಂದಿರುವುದು ರಾಮಕೃಷ್ಣ ಹೆಗಡೆಯವರ ವಿಚಾರ, ಅದರಲ್ಲಿಯೂ ಅವರ ಮೂರು ರಾಜೀನಾಮೆಗಳ ವಿಚಾರ.

1983ರ ಜನವರಿ 10ರಂದು ಹೆಗಡೆಯವರು ಕರ್ನಾಟಕದ ಮುಖ್ಯಮಂತ್ರಿಯಾದಾಗ ನಾನು ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ವಿದ್ಯಾರ್ಥಿ. ರಾಜ್ಯ ಏಕೀಕರಣವಾದ 1956ರಿಂದ ಅಲ್ಲಿಯವರೆಗೆ ಕಾಂಗ್ರೆಸೇತರ ಸರ್ಕಾರವೊಂದನ್ನು ನಾವು ಕಂಡಿರಲಿಲ್ಲ. 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ನಡೆದ ಗೋಲಿಬಾರಿನ ನೆನಪು ಹಸಿಯಾಗಿತ್ತು. ಅದೇ ವರ್ಷ ಆರಂಭವಾದ ಲಂಕೇಶರ ಪತ್ರಿಕೆಯನ್ನು ಹಾಸ್ಟೆಲಿನಲ್ಲಿ ಒಂದೇ ಪ್ರತಿ ತಂದು ಹತ್ತು ಜನ ಓದುತ್ತಿದ್ದೆವು. ಇಂಥ ಕಾಲದಲ್ಲಿ ಮೆಲುದನಿಯ, ಅಚ್ಚುಕಟ್ಟಾದ ಉಡುಪಿನ, ಸಿದ್ದಾಪುರದ ಕಡೆಯ ಮನುಷ್ಯರೊಬ್ಬರು ಬಂದು ‘ಮೌಲ್ಯಾಧಾರಿತ ರಾಜಕಾರಣ’ ಎಂದರು. ಈ ಸಮಾಸಪದ ಅಂದಿನಿಂದ ಕನ್ನಡದಲ್ಲಿ ಎಷ್ಟು ಚಲಾವಣೆಗೆ ಬಂತೆಂದರೆ, ಮುಂದೆ ನಾನು ಅಧ್ಯಾಪಕನಾದ ಮೇಲೆ ಅದಿಲ್ಲದ ಚರ್ಚಾಸ್ಪರ್ಧೆಯ ಭಾಷಣವನ್ನು ಕೇಳಿದ ನೆನಪೇ ನನಗಿಲ್ಲ.

ಮಾತಿನ ಹಿಂದೆ ಕೆಲಸವೂ ಇತ್ತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 1983ರಲ್ಲಿಯೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಶಾಸನವಾಯಿತು. ಅದರಲ್ಲಿ ಸ್ತ್ರೀಯರಿಗೆ ನೂರಕ್ಕೆ 25ರಷ್ಟು ಸ್ಥಾನ ಮೀಸಲಾಯಿತು. ಸಂವಿಧಾನದ 73ನೆಯ ತಿದ್ದುಪಡಿ ಬರುವುದಕ್ಕೆ ಸುಮಾರು ಹತ್ತು ವರ್ಷ ಮೊದಲಿನ ಮಾತಿದು. 1984ರಲ್ಲಿ ಲೋಕಾಯುಕ್ತ ಶಾಸನ ಬಂತು. ಪಂಚಾಯಿತಿ ವ್ಯವಸ್ಥೆಯ ಹೊಣೆ ಹೊತ್ತಿದ್ದ ಸಚಿವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿದ ಅವರನ್ನು ಜನ ‘ನೀರ್ ಸಾಬ್’ ಎಂದು ಕರೆದರು. ಜನ ತಾವಾಗಿ ಇಟ್ಟ ಹೆಸರಿಗೆ ಯಾವ ಬಿರುದೂ ಸಮವಲ್ಲ.

ಇನ್ನು ಮೊದಲನೆಯ ರಾಜೀನಾಮೆ. ಇಂದಿರಾ ಗಾಂಧಿಯವರ ಹತ್ಯೆಯ ತರುವಾಯ 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಚುನಾವಣೆ ನಡೆಯಿತು. ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 24, ಜನತಾ ಪಕ್ಷಕ್ಕೆ 4. ಅದು ದೆಹಲಿಯ ಸರ್ಕಾರಕ್ಕಾಗಿ ನಡೆದ ಚುನಾವಣೆ. ದುಃಖದ, ಅನುಕಂಪದ ಚುನಾವಣೆ. ವಿಧಾನಸಭೆಯ ಬಲಾಬಲ ಅದರಿಂದ ಒಂದಿಷ್ಟೂ ಬದಲಾಗಿರಲಿಲ್ಲ. ಮುಖ್ಯಮಂತ್ರಿ ಅಧಿಕಾರ ಬಿಡಬೇಕೆಂದು ಯಾವ ಕಾನೂನೂ ಹೇಳುತ್ತಿರಲಿಲ್ಲ. ಹೆಗಡೆಯವರು ಆ ಸೋಲನ್ನು ತಮ್ಮ ಮೇಲಿನ ತೀರ್ಪೆಂದು ಓದಿಕೊಂಡು ರಾಜೀನಾಮೆ ಕೊಟ್ಟರು, ಹೊಸದಾಗಿ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಮತದಾರರು 224 ಸ್ಥಾನಗಳಲ್ಲಿ 139ನ್ನು ಅವರ ಪಕ್ಷಕ್ಕೆ ಕೊಟ್ಟರು. ಮೂರು ತಿಂಗಳ ಅಂತರದಲ್ಲಿ ಒಂದೇ ಕೈ ಎರಡು ಬೇರೆಬೇರೆ ತೀರ್ಪು ಬರೆದಿತ್ತು. ನಮ್ಮ ಜನಕ್ಕೆ ವಿವೇಕವಿಲ್ಲವೆನ್ನುವವರು ಆ ವರ್ಷದ ಅಂಕಿಗಳನ್ನು ಒಮ್ಮೆ ನೋಡಬೇಕು.

1956ರಲ್ಲಿ ಅರಿಯಲೂರಿನ ರೈಲು ದುರಂತದ ಬಳಿಕ ಲಾಲ್ ಬಹಾದುರ್ ಶಾಸ್ತ್ರಿಗಳು ರೈಲ್ವೆ ಖಾತೆಯನ್ನು ಬಿಟ್ಟುಕೊಟ್ಟ ಕಥೆಯನ್ನು ನಾವು ಶಾಲೆಯಲ್ಲಿ ಓದಿದ್ದೆವು. ಅದು ಪಾಠಪುಸ್ತಕದ ಮಾತು. ನಮ್ಮ ಕಣ್ಣಮುಂದೆ, ನಮ್ಮದೇ ನುಡಿಯಾಡುವ ಒಬ್ಬರು ಹಾಗೆ ನಡೆದುಕೊಂಡದ್ದು ಬೇರೆಯೇ ಅನುಭವ. ಇಪ್ಪತ್ತು ದಾಟಿದ ವಯಸ್ಸಿನಲ್ಲಿ ಅದು ಮೈಮೇಲೆ ಬಿದ್ದ ಮೊದಲ ಮಳೆಯಂತಿತ್ತು. ಆ ಮೆಚ್ಚುಗೆಯನ್ನು ಕುರಿತು ನನಗೆ ಇಂದಿಗೂ ನಾಚಿಕೆಯಿಲ್ಲ. ಮೆಚ್ಚತಕ್ಕದ್ದನ್ನು ಮೆಚ್ಚಿದೆವು, ಅಷ್ಟೆ.

1985ರ ಡಿಸೆಂಬರಿನಲ್ಲಿ ನಮ್ಮ ಮೈಸೂರಿನಲ್ಲಿ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆಯಿತು. ಕುವೆಂಪು ಅವರು ಅದನ್ನು ಉದ್ಘಾಟಿಸಿದರು, ಮುಖ್ಯಮಂತ್ರಿ ಹೆಗಡೆಯವರು. ಮೈಸೂರಿನವರು ಸರ್ಕಾರವನ್ನು ಬೈಯುವುದರಲ್ಲಿ ಯಾರಿಗೂ ಹಿಂದೆ ಬಿದ್ದವರಲ್ಲ. ಹೋಟೆಲಿನಲ್ಲಿ ಒಂದು ಲೋಟ ಕಾಫಿಗೆ ಒಂದು ಮಂತ್ರಿಮಂಡಲವನ್ನು ಉರುಳಿಸಬಲ್ಲವರು. ಆ ಡಿಸೆಂಬರಿನಲ್ಲಿ ಅಂಥವರೂ ಮೃದುವಾಗಿದ್ದುದನ್ನು ನಾನು ಕಂಡಿದ್ದೇನೆ. ಹುಣ್ಣಿಮೆ ಎಂದೆನಲ್ಲ, ಅದು ಅಂದು.

ಎರಡೇ ತಿಂಗಳಲ್ಲಿ, 1986ರ ಫೆಬ್ರವರಿಯಲ್ಲಿ, ಸಾರಾಯಿ ಬಾಟಲಿಗೆ ತುಂಬುವ ಗುತ್ತಿಗೆಗಳ ವಿಷಯದಲ್ಲಿ ಉಚ್ಚ ನ್ಯಾಯಾಲಯ ಸರ್ಕಾರದ ನಡತೆಯನ್ನು ಖಂಡಿಸಿತು. 13ರಂದು ಹೆಗಡೆಯವರು ರಾಜೀನಾಮೆ ಕೊಟ್ಟರು. ನಮಗೆ ಆಶ್ಚರ್ಯವಾಗಲಿಲ್ಲ. ಅವರು ಮತ್ತೇನು ಮಾಡಿಯಾರು ಎಂದುಕೊಂಡೆವು. 16ರಂದು ಆ ರಾಜೀನಾಮೆಯನ್ನು ಅವರು ಹಿಂತೆಗೆದುಕೊಂಡರು. ಪಕ್ಷದವರು ಬಿಡಲಿಲ್ಲ, ಬೇರೆ ದಾರಿಯಿರಲಿಲ್ಲ ಎಂದು ಸಮರ್ಥಿಸಿದವರಿದ್ದರು. ಇರಬಹುದು. ರಾಜಕೀಯದ ಲೆಕ್ಕದಲ್ಲಿ ಅದು ಸರಿಯಾದ ನಡೆಯೇ ಆಗಿದ್ದಿರಬಹುದು.

ಕನ್ನಡ ಮೇಷ್ಟರ ಚಪಲವೆಂದು ಕ್ಷಮಿಸುವುದಾದರೆ ಒಂದು ಮಾತು ಹೇಳುತ್ತೇನೆ. ‘ರಾಜೀನಾಮೆ’ ಎಂಬುದು ಪಾರಸಿಯಿಂದ ಬಂದ ಶಬ್ದ. ಅದರ ಮೂಲಾರ್ಥ ಒಪ್ಪಿಗೆಯ ಪತ್ರ, ರಾಜಿಯಾದುದಕ್ಕೆ ಬರೆದುಕೊಡುವ ಕಾಗದ. ಅಧಿಕಾರತ್ಯಾಗವೆಂಬ ಅರ್ಥ ಆಮೇಲೆ ಅದಕ್ಕೆ ಅಂಟಿಕೊಂಡಿತು. 1984ರಲ್ಲಿ ನಾವು ಆ ಪದದಲ್ಲಿ ತ್ಯಾಗವನ್ನು ಮಾತ್ರ ಕಂಡಿದ್ದೆವು. ಆ ಮೂರು ದಿನಗಳಲ್ಲಿ ಅದರೊಳಗೆ ಕುಳಿತಿದ್ದ ‘ರಾಜಿ’ ಹೊರಗೆ ಬಂತು.

ಯೋಚಿಸಿ ನೋಡಿ. ಅದಕ್ಕೆ ಹಿಂದೆ ನ್ಯಾಯಾಲಯದಿಂದ ಛೀಮಾರಿ ಹಾಕಿಸಿಕೊಂಡು ನಿಶ್ಚಿಂತೆಯಿಂದ ಅಧಿಕಾರದಲ್ಲಿ ಮುಂದುವರಿದವರು ದೇಶದಲ್ಲಿ ಇಲ್ಲದಿರಲಿಲ್ಲ. ಅವರ ಬಗೆಗೆ ನಮಗೆ ನೋವಾಗಲಿಲ್ಲ. ಅವರನ್ನು ನಾವು ಅಳೆದೇ ಇರಲಿಲ್ಲ. ಹೆಗಡೆಯವರನ್ನು ಅಳೆದ ಕೋಲು ಅವರೇ ನಮ್ಮ ಕೈಗೆ ಕೊಟ್ಟದ್ದು. 1984ರ ಡಿಸೆಂಬರಿನ ಹೆಗಡೆಯವರ ಪಕ್ಕದಲ್ಲಿ 1986ರ ಫೆಬ್ರವರಿಯ ಹೆಗಡೆಯವರನ್ನು ನಿಲ್ಲಿಸಿದಾಗ ಎರಡನೆಯವರು ಗಿಡ್ಡವಾಗಿ ಕಂಡರು. ಗೌರವ ಇಳಿಯುವ ಬಗೆ ಹೀಗೆ ಎಂದು ನನಗೆ ತೋರುತ್ತದೆ: ಎದುರಾಳಿ ಎಸೆದ ಕೆಸರಿನಿಂದ ಅದು ಕಡಮೆಯಾಗುವುದಿಲ್ಲ. ಮನುಷ್ಯ ತಾನೇ ಹಿಂದೆ ಇದ್ದ ಎತ್ತರಕ್ಕೆ ಮತ್ತೆ ನಿಲುಕದೆ ಹೋದಾಗ ಕಡಮೆಯಾಗುತ್ತದೆ.

ಮೂರನೆಯದು 1988ರ ಆಗಸ್ಟಿನಲ್ಲಿ. ರಾಜಕಾರಣಿಗಳೇ ಮೊದಲಾದವರ ದೂರವಾಣಿಗಳನ್ನು ಕದ್ದಾಲಿಸಲಾಗಿದೆಯೆಂಬ ಸುದ್ದಿ ಬಯಲಾಯಿತು. ಹೆಗಡೆಯವರು ಅಧಿಕಾರ ಬಿಟ್ಟರು. ಅವರಿಗೆ ಅದರ ಅರಿವು ಎಷ್ಟಿತ್ತೆಂಬುದನ್ನು ನಾನು ಇಲ್ಲಿ ತೀರ್ಮಾನಿಸಹೋಗುವುದಿಲ್ಲ. ನಡೆದದ್ದು ಅವರ ಆಳ್ವಿಕೆಯಲ್ಲಿ. ಅಂದಿನ ಕಾಲಕ್ಕೆ ಮನೆಗೆ ದೂರವಾಣಿ ಬೇಕೆಂದು ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಬೇಕು. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೋ ಎರಡೋ. ಕದ್ದು ಕೇಳಲು ನಮ್ಮಲ್ಲಿ ದೂರವಾಣಿಯೇ ಇಲ್ಲದಿದ್ದರೂ ನಮ್ಮ ಮಾತನ್ನೇ ಯಾರೋ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಂತೆ ಕಸಿವಿಸಿಯಾಯಿತು. ಈ ಸಾರಿ ರಾಜೀನಾಮೆಯನ್ನು ಅವರು ಹಿಂತೆಗೆದುಕೊಳ್ಳಲಿಲ್ಲ. ಕೊಟ್ಟ ಕಾರಣವೂ ನೈತಿಕ ಹೊಣೆಯೇ. ಆದರೆ 1984ರಲ್ಲಿ ಎದ್ದುನಿಂತು ಚಪ್ಪಾಳೆ ತಟ್ಟಿದ್ದ ನಮ್ಮಲ್ಲಿ ಯಾರೂ ಏಳಲಿಲ್ಲ. ಒಂದು ಸಲ ಸವಕಲಾದ ನಾಣ್ಯವನ್ನು ಅಂಗಡಿಯವನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಾನೆ. ಅದು ಅಪ್ಪಟ ಬೆಳ್ಳಿಯಾಗಿದ್ದರೂ ನೋಡುತ್ತಾನೆ.

ಆ ದಿನಗಳಲ್ಲಿ ನಾನು ತರಗತಿಯಲ್ಲಿ ರನ್ನನ ಗದಾಯುದ್ಧವನ್ನು ಪಾಠ ಹೇಳುತ್ತಿದ್ದೆ. ರನ್ನನ ಆಶ್ರಯದಾತ ಚಾಲುಕ್ಯರ ಸತ್ಯಾಶ್ರಯ. ಅವನನ್ನು ಭೀಮನೊಡನೆ ಸಮೀಕರಿಸಿ ಬರೆದುದರಿಂದಲೇ ಕಾವ್ಯಕ್ಕೆ ಸಾಹಸಭೀಮವಿಜಯವೆಂಬ ಹೆಸರು. ಗೌರವ ಸಲ್ಲಬೇಕಾದುದು ಭೀಮನಿಗೆ. ಆದರೆ ಕಾವ್ಯವನ್ನು ಮುಚ್ಚಿಟ್ಟ ಮೇಲೆ ನಮ್ಮ ಕಣ್ಣಮುಂದೆ ನಿಲ್ಲುವವನು ದುರ್ಯೋಧನ. ಹೆಣಗಳ ನಡುವೆ ನಡೆದು ಹೋಗುತ್ತ ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೂ ಕೈಮುಗಿಯಬಲ್ಲ ದುರ್ಯೋಧನ. ಬಿ.ಎಂ.ಶ್ರೀಯವರು ಆ ಕಾವ್ಯವನ್ನು ನಾಟಕವಾಗಿ ಕಡೆದೆತ್ತಿದ್ದೂ ಈ ಎತ್ತರವನ್ನು ಕಂಡೇ. ಬೀಳುವವನು ಕಾವ್ಯದಲ್ಲಿ ಬೆಳೆಯುತ್ತಾನೆ. ಹಾಗಾದರೆ ನಮ್ಮ ಸಾರ್ವಜನಿಕ ಜೀವನದಲ್ಲಿ ಬಿದ್ದವರು ಏಕೆ ಬೆಳೆಯುವುದಿಲ್ಲ? ವಿದ್ಯಾರ್ಥಿಯೊಬ್ಬ ತರಗತಿಯಲ್ಲೇ ಈ ಪ್ರಶ್ನೆಯನ್ನು ಕೇಳಿದ. ನಾನು ಕೊಟ್ಟ ಉತ್ತರ ಅವನಿಗೆ ಒಪ್ಪಿಗೆಯಾಯಿತೋ ಇಲ್ಲವೋ ಕಾಣೆ. ದುರ್ಯೋಧನನಿಗೆ ವೈಶಂಪಾಯನ ಸರೋವರದ ದಡದಲ್ಲಿ ಕಥೆ ಮುಗಿಯುತ್ತದೆ. ರಾಜಕಾರಣಿಗೆ ಮರುದಿನ ಬೆಳಗಾಗುತ್ತದೆ. ಅವನು ಎದ್ದು ಮುಖ ತೊಳೆದು ಇನ್ನೊಂದು ಪಕ್ಷಕ್ಕೆ, ಇನ್ನೊಂದು ಹೊಂದಾಣಿಕೆಗೆ ಹೊರಡುತ್ತಾನೆ.

ಹೆಗಡೆಯವರಿಗೂ ಹಾಗೆಯೇ ಬೆಳಗಾಯಿತು. 1989ರಲ್ಲಿ ಜನತಾದಳ ವಿಧಾನಸಭೆಯಲ್ಲಿ 24 ಸ್ಥಾನಕ್ಕೆ ಇಳಿಯಿತು. 1991ರಲ್ಲಿ ಹೆಗಡೆಯವರು ಬಾಗಲಕೋಟೆಯಿಂದ ಲೋಕಸಭೆಗೆ ನಿಂತು ಸಿದ್ದು ನ್ಯಾಮಗೌಡರಿಗೆ ಸೋತರು. ಚಿಕ್ಕಪಡಸಲಗಿಯಲ್ಲಿ ರೈತರನ್ನು ಕೂಡಿಸಿ, ರೈತರದೇ ಹಣ, ರೈತರದೇ ದುಡಿಮೆಯಿಂದ ಕೃಷ್ಣೆಗೆ ಬ್ಯಾರೇಜು ಕಟ್ಟಿದವರ ಮುಂದಾಳು ಆ ನ್ಯಾಮಗೌಡರು. ಜನ ಮೆಚ್ಚುಗೆಯನ್ನು ಯಾರಿಂದ ತೆಗೆದು ಯಾರಿಗೆ ಕೊಟ್ಟರೆಂಬುದು ಕುತೂಹಲದ ಸಂಗತಿಯಲ್ಲವೆ? 1996ರಲ್ಲಿ ತಾವೇ ಬೆಳೆಸಿದ ಪಕ್ಷದಿಂದ ಹೆಗಡೆಯವರು ಉಚ್ಚಾಟಿತರಾದರು. 1997ರಲ್ಲಿ ಲೋಕಶಕ್ತಿ ಕಟ್ಟಿದರು. 1998ರಲ್ಲಿ ವಾಜಪೇಯಿಯವರ ಸಂಪುಟದಲ್ಲಿ ವಾಣಿಜ್ಯ ಸಚಿವರಾದರು. ಇವುಗಳಲ್ಲಿ ಯಾವುದೂ ಅಪರಾಧವಲ್ಲ. ಆದರೆ ಆ ವೇಳೆಗೆ ನಾವು ಸಿಟ್ಟಾಗುವುದನ್ನೂ ಬಿಟ್ಟಿದ್ದೆವು. ಸಿಟ್ಟು ಇರುವವರೆಗೆ ಗೌರವದ ತುಣುಕು ಎಲ್ಲೋ ಉಳಿದಿರುತ್ತದೆ.

ನನ್ನನ್ನು ಹೆಚ್ಚಾಗಿ ಕಾಡಿದ್ದು ಹೆಗಡೆಯವರಿಗೆ ಏನಾಯಿತೆಂಬುದಲ್ಲ, ನಮ್ಮ ಓರಗೆಯವರಿಗೆ ಏನಾಯಿತೆಂಬುದು. ನನ್ನ ಸಹಪಾಠಿಯೊಬ್ಬ, ನಮ್ಮೆಲ್ಲರಿಗಿಂತ ಚುರುಕಾದವನು, 1988ರ ಬಳಿಕ ಮತ ಹಾಕುವುದನ್ನೇ ನಿಲ್ಲಿಸಿದ. “ಎಲ್ಲರೂ ಒಂದೇ ಕಣಯ್ಯ” ಎಂಬುದು ಅವನ ಕೊನೆಯ ಮಾತು. ಕೇಳಲು ಅನುಭವಿಯ ಮಾತಿನಂತೆ ಇರುತ್ತದೆ ಇದು. ಆದರೆ ಎಲ್ಲರೂ ಒಂದೇ ಎಂದವನು ಅಳತೆಕೋಲನ್ನೇ ಬಾವಿಗೆ ಎಸೆದಂತಾಯಿತು. ಹೆಗಡೆಯವರ ಮೇಲಿನ ಗೌರವ ಹೋದದ್ದಕ್ಕಿಂತ ಈ ಗೆಳೆಯನ ಬೇಸರ ನನಗೆ ದೊಡ್ಡ ನಷ್ಟವಾಗಿ ಕಂಡಿದೆ.

ಇನ್ನೊಬ್ಬ ಗೆಳೆಯನಿದ್ದ. ಎಂ.ಎ. ಮುಗಿಸಿ ಕೆಲಸ ಸಿಗದೆ ಕೃಷ್ಣರಾಜನಗರ ತಾಲ್ಲೂಕಿನ ತನ್ನ ಹಳ್ಳಿಗೆ ಹೋಗಿ, 1987ರ ಜನವರಿಯಲ್ಲಿ ಹೊಸ ಶಾಸನದ ಮೇರೆಗೆ ನಡೆದ ಚುನಾವಣೆಯಲ್ಲಿ ಮಂಡಲ ಪಂಚಾಯಿತಿಗೆ ಸದಸ್ಯನಾದ. ಹೆಗಡೆಯವರು ಅಧಿಕಾರ ಬಿಟ್ಟ ವಾರ ಅವನು ಮೈಸೂರಿಗೆ ಬಂದಿದ್ದ. ನಾವು ನಾಲ್ಕು ಜನ ರಾಜಕೀಯದ ಅವನತಿಯನ್ನು ಕುರಿತು ಗಂಟೆಗಟ್ಟಲೆ ಮಾತನಾಡಿದೆವು. ಅವನು ಸುಮ್ಮನೆ ಕೇಳಿ ಎದ್ದುನಿಂತ: “ನೀವು ಮಾತಾಡ್ತಿರಿ. ಸೋಮವಾರ ನಮ್ಮ ಪಂಚಾಯಿತಿ ಸಭೆ ಇದೆ, ಬಸ್ಸಿಗೆ ಹೊತ್ತಾಯಿತು.” ಅದೇ ಅಕ್ಟೋಬರಿನಲ್ಲಿ ನಜೀರ್ ಸಾಬರು ತೀರಿಕೊಂಡಾಗ ಅವನು ಮತ್ತೆ ಬಂದ. ಆಗ ಅತ್ತ.

ನಜೀರ್ ಸಾಬರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ನಮ್ಮ ಮೈಸೂರಿನಲ್ಲಿಯೇ, ಲಲಿತಮಹಲ್ ರಸ್ತೆಯಲ್ಲಿದೆ. ಪಂಚಾಯಿತಿ ಸದಸ್ಯರಿಗೆ ಅಲ್ಲಿ ತರಬೇತಿ. ಇನ್ನು ಲೋಕಾಯುಕ್ತದ ಕಥೆ ವಿಚಿತ್ರವಾದದ್ದು. ಅದರ ಗಣಿ ವರದಿಯಿಂದಾಗಿ 2011ರಲ್ಲಿ ಮುಖ್ಯಮಂತ್ರಿಯೊಬ್ಬರು ಅಧಿಕಾರ ಬಿಡಬೇಕಾಯಿತು. 2015ರಲ್ಲಿ ಆ ಸಂಸ್ಥೆಯೊಳಗೇ ಭ್ರಷ್ಟಾಚಾರದ ಆಪಾದನೆ ಎದ್ದು ಲೋಕಾಯುಕ್ತರೇ ರಾಜೀನಾಮೆ ಕೊಡಬೇಕಾಯಿತು. ಕಟ್ಟಿದವರ ಗುಣದೋಷಗಳೆರಡನ್ನೂ ಅದು ಪಡೆದು ಹುಟ್ಟಿತೋ ಏನೋ.

2004ರ ಜನವರಿ 12ರಂದು ಹೆಗಡೆಯವರು ನಿಧನರಾದರು. ಆ ತಿಂಗಳು ಒಂದು ದಿನ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ, 1983ರಲ್ಲಿ ಇನ್ನೂ ಅಕ್ಷರಾಭ್ಯಾಸದ ವಯಸ್ಸಿನಲ್ಲಿದ್ದಿರಬಹುದಾದ ಕಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: “ಸಾರ್, ಪತ್ರಿಕೆಗಳಲ್ಲಿ ಇಷ್ಟೊಂದು ಬರೆದಿದ್ದಾರಲ್ಲ, ಅಂಥದ್ದೇನು ಮಾಡಿದರು ಅವರು?” ನಾನು 1984ರ ಡಿಸೆಂಬರಿನಿಂದ ಹೇಳತೊಡಗಿದೆ. 24, 4, 139 ಎಂದು ಕಾಗದದ ಮೇಲೆ ಅಂಕಿಗಳನ್ನೂ ಬರೆದು ತೋರಿಸಿದೆ. ನನ್ನ ದನಿ ಸ್ವಲ್ಪ ಏರಿತ್ತೆಂದು ಕಾಣುತ್ತದೆ. ಪಕ್ಕದ ಮೇಜಿನವರು ಬರೆಯುವುದನ್ನು ನಿಲ್ಲಿಸಿ ತಿರುಗಿ ನೋಡಿದರು. ಎರಡನೆಯ ರಾಜೀನಾಮೆಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು, ಅವರಿಗೆ ತರಗತಿಯಿತ್ತು.