ಕಡು ಚಳಿಯಲ್ಲಿ ದ್ರವದ ನಡೆ



ಖಾನಾಪುರದ ಮಣ್ಣು ಹಂಚಿಗೂ ಮಡಕೆಗೂ ಹೆಸರಾದದ್ದು. ತಿಗರಿಯ ಮೇಲಿನ ಹಸಿಮಣ್ಣಿನ ಮುದ್ದೆಯನ್ನು ಅಲ್ಲಿನ ಕುಂಬಾರನು ಹಣತೆಯಾಗಿಸಬಲ್ಲ, ಕುಡಿಕೆಯಾಗಿಸಬಲ್ಲ. ಒತ್ತಿ ಎತ್ತಿದರೆ ಸಾಕು. ಹಿಡಿಕೆಯುಳ್ಳ ಬಟ್ಟಲು ಬೇಕಾದರೆ ಮಾತ್ರ ಮಣ್ಣನ್ನು ತೂತು ಮಾಡಬೇಕು, ಇಲ್ಲವೆ ತುಂಡೊಂದನ್ನು ತಂದು ಅಂಟಿಸಬೇಕು. ತಿದ್ದಿ ತೀಡುವುದರಿಂದ ಬದಲಾಗದೆ, ಹರಿದಾಗ ಅಥವಾ ಅಂಟಿಸಿದಾಗ ಮಾತ್ರ ಬದಲಾಗುವ ಇಂಥ ಗುಣಗಳನ್ನು ಕುರಿತ ಗಣಿತವೇ ಟೊಪಾಲಜಿ. ಅಲ್ಲಿ ತೂತು ಒಂದಿರಬಹುದು, ಎರಡಿರಬಹುದು. ಒಂದೂಕಾಲು ತೂತು ಎಂಬುದಿಲ್ಲ. ಈ ಗಣಿತವು ಒಂದು ದ್ರವದಲ್ಲಿ ಪ್ರತ್ಯಕ್ಷವಾದ ಸಂಗತಿಯನ್ನು ಈ ದಿನ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಆ ದ್ರವ ಹೀಲಿಯಂ. ಅದರ ಇತಿಹಾಸದ ಮೊದಲ ಪುಟದಲ್ಲಿ ನಮ್ಮ ಸೀಮೆಗೂ ಸ್ಥಾನವುಂಟು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಿಂದಲೂ ಜಾನ್ಸೆನ್ ಗುಂಟೂರಿನಿಂದಲೂ ವರ್ಣದರ್ಶಕದ ಮೂಲಕ ಪರೀಕ್ಷಿಸಿದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಹೊಳೆಯುವ ಗೆರೆಗಳು ಕಂಡವು. ಅವುಗಳಲ್ಲಿನ ಹಳದಿ ಗೆರೆ ಸೋಡಿಯಮ್ಮಿನದಲ್ಲವೆಂದು ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಕಂಡುಕೊಂಡರು. ಅದು ಹೀಲಿಯಮ್ಮಿನ ಗೆರೆ. ಭೂಮಿಯ ಮೇಲೆ ಆ ಧಾತು ರ‍್ಯಾಮ್ಸೆಯವರ ಕೈಗೆ ಸಿಕ್ಕಿದ್ದು 1895ರಲ್ಲಿ.

ಮಾಗಿಯ ಬೆಳಗಾವಿಯಲ್ಲಿ ಮುಂಜಾನೆಯ ಚಳಿಯೇ ನಮಗೆ ಹೆಚ್ಚು. ಆದರೆ ಚಳಿಯ ಕೊನೆಯ ಗಡಿ ಸೊನ್ನೆಗಿಂತ 273.15 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಹೀಲಿಯಂ-3 ಎಂಬ ಹಗುರವಾದ ಬಗೆಯು, ಒಂದು ಡಿಗ್ರಿಯನ್ನು ಸಾವಿರ ಪಾಲು ಮಾಡಿದರೆ ಎರಡೂವರೆ ಪಾಲಿಗಿಂತಲೂ ಆ ಗಡಿಯ ಸಮೀಪಕ್ಕೆ ಬಂದಾಗ, ಅದರ ಪರಮಾಣುಗಳು ಜೋಡಿಗೂಡುತ್ತವೆ. ದ್ರವವು ತಡೆಯಿಲ್ಲದೆ ಹರಿಯತೊಡಗುತ್ತದೆ. ಇದೇ ಅತಿದ್ರವ. 1972ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲೀ, ಓಶೆರಾಫ್, ರಿಚರ್ಡ್‌ಸನ್ ಇದನ್ನು ಕಂಡುಹಿಡಿದರು. 1996ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಇದರ ಸಿದ್ಧಾಂತವನ್ನು ರೂಪಿಸಿದ ಲೆಗೆಟ್ ಅವರಿಗೆ 2003ರಲ್ಲಿ.

ಮಳೆಗಾಲದ ಮಲಪ್ರಭೆಯ ಸುಳಿ ಎಷ್ಟು ಬಲದ್ದಾದರೂ ಆಗಬಹುದು. ಕ್ರಮೇಣ ಕ್ಷೀಣಿಸಿ ಮರೆಯಾಗಲೂಬಹುದು. ಅತಿದ್ರವದ ಸುಳಿ ಹಾಗಲ್ಲ. ಆ ದ್ರವವೆಲ್ಲ ಒಂದೇ ಅಲೆಯಂತೆ ವರ್ತಿಸುವುದರಿಂದ, ಸುಳಿಯನ್ನು ಒಂದು ಸುತ್ತು ಬಂದಾಗ ಅಲೆಯು ಹೊರಟ ಸ್ಥಿತಿಗೇ ಸರಿಯಾಗಿ ಕೂಡಬೇಕು. ಆದ್ದರಿಂದ ಸುಳಿಯ ಬಲ ಒಂದು, ಎರಡು ಎಂಬ ಪೂರ್ಣಸಂಖ್ಯೆಗಳ ಲೆಕ್ಕದಲ್ಲಿರುತ್ತದೆ; ಸ್ವಲ್ಪಸ್ವಲ್ಪವಾಗಿ ಸವೆಯಲಾರದು. ಬಟ್ಟಲಿನ ಹಿಡಿಕೆಯ ತೂತಿನಂತೆಯೇ ಇದು.

1976ರಲ್ಲಿ ವೊಲೊವಿಕ್ ಮತ್ತು ಮಿನೀವ್ ಎಂಬ ವಿಜ್ಞಾನಿಗಳು ಹೀಲಿಯಂ-3ರಲ್ಲಿ ಅರ್ಧ ಸುಳಿಯೂ ಸಾಧ್ಯವೆಂದರು. ಅಲ್ಲಿನ ಜೋಡಿಗಳಿಗೆ ಅಲೆಯ ಗುಣದ ಜೊತೆಗೆ ಒಂದು ದಿಕ್ಕೂ ಉಂಟು. ಸುತ್ತಿ ಬರುವಾಗ ಅಲೆಯು ಅರ್ಧವೇ ತಿರುಗಿ, ದಿಕ್ಕೂ ಅರ್ಧ ತಿರುಗಿದರೆ, ಒಂದರ ಕೊರತೆಯನ್ನು ಇನ್ನೊಂದು ನೀಗಿ ಲೆಕ್ಕ ಸರಿಹೋಗುತ್ತದೆ. ಇದು ಕಾಗದದ ಮೇಲಿನ ಮಾತು. ಪ್ರಯೋಗದಲ್ಲಿ ಅದು ಕಂಡದ್ದು 2016ರಲ್ಲಿ, ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ. ಅತಿ ಸೂಕ್ಷ್ಮವಾದ ಎಳೆಗಳ ನಡುವೆ ಹೀಲಿಯಂ-3ನ್ನು ತುಂಬಿ, ಇಡೀ ಶೈತ್ಯಯಂತ್ರವನ್ನೇ ತಿರುಗಿಸಿ ಅದನ್ನು ಪಡೆದರು. ಊಹೆಗೂ ಸಾಕ್ಷ್ಯಕ್ಕೂ ನಡುವೆ ನಲವತ್ತು ವರ್ಷ!

ಇದರಿಂದ ಯಾರ ಹೊಲಕ್ಕೆ ನೀರು ಬಂದಿತೆಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಸಣ್ಣಪುಟ್ಟ ಅಲುಗಾಟಕ್ಕೆ ಕೆಡದ ಇಂಥ ಗುಣಗಳಿಂದ ಹೊಸ ಬಗೆಯ ಗಣಕಯಂತ್ರಗಳನ್ನು ಕಟ್ಟುವ ಆಸೆಯುಂಟು. ಆಸೆಯನ್ನು ಸಾಧನೆಯೆಂದು ನಾನು ಹೇಳಲಾರೆ. ಆದರೆ ಜಮಖಂಡಿಯಲ್ಲಿ ಗ್ರಹಣ ನೋಡಿದವರಿಗೂ ಹೀಲಿಯಮ್ಮಿನ ಉಪಯೋಗ ತಿಳಿದಿರಲಿಲ್ಲ. ಇಂದು ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದಲ್ಲಿ ಕಾಂತವನ್ನು ತಣ್ಣಗಿಡುವುದು ದ್ರವ ಹೀಲಿಯಮ್ಮೇ.

ಈ ವಿದ್ಯೆ ನಮಗೆ ದೂರದ್ದೂ ಅಲ್ಲ. ಇಂಥದೇ ಕಡು ಚಳಿಯಲ್ಲಿ, 0.53 ಮಿಲಿಕೆಲ್ವಿನ್ನಿಗಿಂತ ಕೆಳಗೆ, ಬಿಸ್ಮತ್ ಲೋಹವು ವಿದ್ಯುತ್ತನ್ನು ತಡೆಯಿಲ್ಲದೆ ಹರಿಯಗೊಡುವುದೆಂದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದರು. ಬೆಳಗಾವಿ, ಖಾನಾಪುರಗಳಲ್ಲಿ ಭೌತಶಾಸ್ತ್ರವನ್ನು ಆರಿಸಿಕೊಳ್ಳುವ ಹುಡುಗ ಹುಡುಗಿಯರನ್ನು ‘ಇದರಿಂದ ನೌಕರಿ ಉಂಟೆ?’ ಎಂದು ಕೇಳುವ ಹಿರಿಯರು, ನಲವತ್ತು ವರ್ಷ ಕಾಯಬಲ್ಲ ಕುತೂಹಲಕ್ಕೂ ಮನೆಯಲ್ಲಿ ಒಂದಿಷ್ಟು ಎಡೆ ಕೊಡಲಿ ಎಂಬುದು ನನ್ನ ಬಿನ್ನಹ.