ಶಾಲೆಯ ಬಾಗಿಲು ಮುಚ್ಚದಿರಲಿ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಶಿಕ್ಷಕ-ರಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಉತ್ಸವದ ಈ ಸಂಭ್ರಮದಲ್ಲಿ ಮಾದಕ ವಸ್ತುಗಳ ಮಾತೇಕೆಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಬಹುಕಾಲದಿಂದ ನಮ್ಮ ಮನಸ್ಸನ್ನು ಬಾಧಿಸುತ್ತಿರುವ ತಪ್ಪೊಂದನ್ನು ಒಪ್ಪಿಕೊಳ್ಳಲು ಇದಕ್ಕಿಂತ ಯೋಗ್ಯವಾದ ಸಭೆ ನಮಗೆ ದೊರೆಯಲಾರದು.

ಹಲವು ವರ್ಷಗಳ ಹಿಂದೆ ನಾವು ಬೇರೊಂದು ಊರಿನಲ್ಲಿ ಶಾಲಾ ಸಂಚಾಲಕರಾಗಿದ್ದೆವು. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ವೈಟ್ನರ್ ಸುರಿದ ಕರವಸ್ತ್ರವನ್ನು ಮೂಸುತ್ತಿದ್ದಾಗ ಸಿಕ್ಕಿಬಿದ್ದನು. ಉಳಿದ ಮಕ್ಕಳು ಕೆಡಬಾರದೆಂಬ ಕಾರಣ ಕೊಟ್ಟು, ಮೂರೇ ದಿನಗಳಲ್ಲಿ ಅವನಿಗೆ ಟಿ.ಸಿ. ಕೊಟ್ಟು ಕಳುಹಿಸಿದೆವು. ಅವನ ತಂದೆ ಕೈಮುಗಿದು ನಿಂತಿದ್ದರು. ನಾವು ತಲೆಯೆತ್ತಿ ನೋಡಲಿಲ್ಲ. ಹುಡುಗನು ಮುಂದೆ ಯಾವ ಶಾಲೆಗೂ ಸೇರಲಿಲ್ಲವೆಂಬುದು ತಿಳಿದದ್ದು ವರ್ಷಗಳ ತರುವಾಯ. ಶಾಲೆಯ ಹೆಸರು ಉಳಿಯಿತು, ಹುಡುಗನು ಉಳಿಯಲಿಲ್ಲ.

ಅವನೊಬ್ಬನೇ ಹಾಗಿದ್ದನೆಂದು ಆಗ ತಿಳಿದಿದ್ದೆವು. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯು ಬೇರೆಯೇ ಹೇಳುತ್ತದೆ. ಅಂಟು, ತಿನ್ನರ್ ಮೊದಲಾದ ಮೂಸುವ ಪದಾರ್ಥಗಳ ಬಳಕೆ ದೊಡ್ಡವರಲ್ಲಿ ಶೇ. 0.58 ಇದ್ದರೆ, ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳಲ್ಲಿ ಶೇ. 1.17. ದೊಡ್ಡವರಿಗಿಂತ ಮಕ್ಕಳಲ್ಲಿಯೇ ಹೆಚ್ಚಾಗಿ ಕಂಡುಬಂದ ಅಮಲು ಇದೊಂದೇ. ಇದು ಕಳ್ಳಸಾಗಣೆಯ ಸರಕಲ್ಲ. ಅಂಗಡಿಯಲ್ಲಿ ಎಲ್ಲರಿಗೂ ದೊರೆಯುವಂಥದು.

ಹಾಗಾದರೆ ಶಾಲೆಯು ಏನು ಮಾಡಬೇಕು? ವರ್ಷಕ್ಕೊಮ್ಮೆ, ಜೂನ್ 26ರಂದು, ಭಯಂಕರ ಚಿತ್ರಗಳನ್ನು ತೋರಿಸಿ ಭಾಷಣ ಮಾಡಿಸುವುದು ವಾಡಿಕೆ. ಭಾಷಣಗಳ ಶಕ್ತಿ ಎಷ್ಟೆಂಬುದನ್ನು ಅಮೆರಿಕದವರು ಕಂಡಿದ್ದಾರೆ. ಅಲ್ಲಿಯ ಲಾಸ್ ಏಂಜಲೀಸ್ ನಗರದಲ್ಲಿ 1983ರಲ್ಲಿ ಪೊಲೀಸರೇ ತರಗತಿಗೆ ಬಂದು ಪಾಠ ಹೇಳುವ ಯೋಜನೆ ಆರಂಭವಾಗಿ ದೇಶದಾದ್ಯಂತ ಹಬ್ಬಿತು. 1990ರ ದಶಕದಲ್ಲಿ ಪರೀಕ್ಷಿಸಿ ನೋಡಿದಾಗ, ಮಕ್ಕಳ ಚಟದ ಮೇಲೆ ಅದರ ಪರಿಣಾಮ ತೀರ ಅಲ್ಪವೆಂದು ತಿಳಿಯಿತು. ಕೆಟ್ಟದ್ದೆಂದು ಅರಿಯದೆ ಮಗು ಅದನ್ನು ಮುಟ್ಟುವುದಲ್ಲ; ಗೆಳೆಯನು ಕೈಚಾಚಿ ಕೊಟ್ಟಾಗ ಬೇಡವೆನ್ನಲು ಅದಕ್ಕೆ ಬಾಯಿ ಬರುವುದಿಲ್ಲ.

ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ಜೀವನ ಕೌಶಲಗಳ ಶಿಕ್ಷಣಕ್ಕೆ ಒತ್ತುಕೊಟ್ಟಿತು: ಯೋಚಿಸಿ ನಿರ್ಧರಿಸುವುದು, ಕೋಪ-ದುಃಖಗಳನ್ನು ತಾಳಿಕೊಳ್ಳುವುದು, ಮನಸ್ಸಿನಲ್ಲಿದ್ದುದನ್ನು ಹೇಳುವುದು ಇತ್ಯಾದಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದಕ್ಕೊಂದು ಕ್ರಮವನ್ನು ರೂಪಿಸಿ, ನಮ್ಮ ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗೆ ತರಬೇತಿಯಿತ್ತಿದೆ. ಇದರಲ್ಲಿ ಉಪದೇಶವಿಲ್ಲ, ಚರ್ಚೆ, ಅಭಿನಯ, ಗುಂಪು ಚಟುವಟಿಕೆಗಳಿವೆ. ನಡೆಸುವವರು ಮಕ್ಕಳ ದಿನನಿತ್ಯದ ಶಿಕ್ಷಕರೇ.

ಶಾಲೆಯ ಜೊತೆಗೆ ಮನೆಯೂ ಊರೂ ಕೈಜೋಡಿಸಿದರೆ ಏನಾದೀತೆಂಬುದಕ್ಕೆ ಐಸ್‌ಲೆಂಡ್ ದೇಶ ನಿದರ್ಶನ. ಅಲ್ಲಿ ಹದಿನೈದು-ಹದಿನಾರರ ಹರೆಯದವರಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದವರು 1998ರಲ್ಲಿ ಶೇ. 42, 2016ರಲ್ಲಿ ಶೇ. 5. ಆಟಕ್ಕೆ, ಸಂಗೀತಕ್ಕೆ ಸೌಕರ್ಯ ಒದಗಿಸಿದರು, ತಾಯ್ತಂದೆಯರು ಮಕ್ಕಳೊಡನೆ ಹೆಚ್ಚು ಸಮಯ ಕಳೆದರು, ಕಾನೂನುಗಳನ್ನೂ ಬಿಗಿಗೊಳಿಸಿದರು.

ಇಷ್ಟಾದರೂ ಒಂದು ಮಗು ಜಾರೀತು. ಆಗ ಪ್ರಾರ್ಥನಾ ಸಭೆಯಲ್ಲಿ ಹೆಸರು ಕರೆದು ನಾಚಿಸಬೇಡಿ. ಮಗು ನಂಬುವ ಒಬ್ಬ ಶಿಕ್ಷಕರು ಏಕಾಂತದಲ್ಲಿ ಮಾತನಾಡಲಿ; ತಾಯ್ತಂದೆಯರನ್ನು ಕರೆಸಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸಲಿ. 14446 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಚಿಕಿತ್ಸೆಯ ಕಾಲದಲ್ಲಿಯೂ ಮಗು ತನ್ನ ತರಗತಿಯಲ್ಲಿ, ತನ್ನ ಬೆಂಚಿನಲ್ಲಿಯೇ ಕುಳಿತಿರಲಿ. ಶಾಲೆಯಿಂದ ಹೊರಬಿದ್ದ ಮಗುವಿಗೆ ಬೀದಿಯ ಗೆಳೆಯರೇ ಗತಿ.

2003ರ ಕಾನೂನು ಶಾಲೆಯ ನೂರು ಗಜದೊಳಗೆ ತಂಬಾಕಿನ ಮಾರಾಟವನ್ನು ನಿಷೇಧಿಸಿದೆ. ಮಕ್ಕಳಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯು ಏಳು ವರ್ಷಗಳವರೆಗಿನ ಕಠಿಣ ಸಜೆಯನ್ನು ವಿಧಿಸುತ್ತದೆ. ಕಾಯಿದೆಯ ಕೋಪವಿರುವುದು ಕೊಟ್ಟವನ ಮೇಲೆ. ನಾವಾದರೋ ಅಂದು ಶಿಕ್ಷಿಸಿದ್ದು ಮಗುವನ್ನು.

ಈ ಕಾರಣಕ್ಕಾಗಿ ಇನ್ನು ಮುಂದೆ ನಮ್ಮ ಶಾಲೆಯಿಂದ ಯಾವ ಮಗುವಿಗೂ ಟಿ.ಸಿ. ಕೊಡಲಾಗದೆಂದು ಈ ಸಭೆ ನಿರ್ಣಯಿಸಲಿ. ಕೈಮುಗಿದು ಬಂದ ತಂದೆಗೆ ಕುಳಿತುಕೊಳ್ಳಲು ಕುರ್ಚಿ ಕೊಡುವ ಶಾಲೆ ನಮ್ಮದಾಗಲೆಂದು ಹಾರೈಸಿ ವಿರಮಿಸುತ್ತೇವೆ.